ಹೆಸರಿಲ್ಲದ ಯುದ್ಧಕಾಲದ ಫೋಟೊಗಳನ್ನು ಓದುವ ಬಗೆ: ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ಕೊಡಗಿನ ಐನ್‌ಮನೆಗಳ (ವಂಶದ ಮೂಲಮನೆಗಳ) ಮರದ ಪೆಟ್ಟಿಗೆಗಳಲ್ಲಿ, ತೋಟದ ಬಂಗಲೆಗಳ ಕಪಾಟುಗಳಲ್ಲಿ, ಮಡಿಕೇರಿ ಮತ್ತು ವಿರಾಜಪೇಟೆಯ ಹಳೆಯ ಮನೆಗಳ ಅಟ್ಟದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಫೋಟೊಗಳು ಈಗಲೂ ಸಿಗುತ್ತವೆ. ಅವುಗಳಲ್ಲಿ ರಣರಂಗದ ಚಿತ್ರಗಳು ತೀರ ಕಡಿಮೆ. ಬಹುಪಾಲು ಕೈಯಾಲೆಯಲ್ಲಿ (ಮನೆಯ ಮುಂದಿನ ಜಗಲಿಯಲ್ಲಿ) ಸಾಲಾಗಿ ಕುಳಿತ ಮನೆಮಂದಿ, ಕಣದಲ್ಲಿ ಒಣಗುತ್ತಿರುವ ಕಾಫಿ, ಬಸ್ಸಿನ ಮುಂದೆ ನಿಂತ ಯುವಕರು, ಮಗುವನ್ನು ಎತ್ತಿಕೊಂಡ ಹೆಂಗಸು, ಮದುವೆಯ ಚಪ್ಪರ, ಇಂಥವೇ. ಹಿಂಬದಿಯಲ್ಲಿ ಹೆಸರಿರುವುದಿಲ್ಲ, ತಾರೀಖಿರುವುದಿಲ್ಲ, ತೆಗೆದವರು ಯಾರೆಂಬ ಸುಳಿವೂ ಇರುವುದಿಲ್ಲ. ಹೆಸರು ಗೊತ್ತಿರುವ ಪಟ ಚೌಕಟ್ಟು ಹಾಕಿಸಿಕೊಂಡು ಗೋಡೆ ಏರುತ್ತದೆ. ಹೆಸರಿಲ್ಲದ್ದು ಮನೆ ರಿಪೇರಿಯ ದಿನ ಹಳೆಯ ಕಾಗದಗಳೊಂದಿಗೆ ಹೊರಗೆ ಹೋಗುತ್ತದೆ. ಅಂಥ ಪಟಗಳನ್ನು ಉಳಿಸಿಕೊಂಡು, ಅವು ಏನನ್ನು ಹೇಳುತ್ತವೆ ಎಂಬುದನ್ನು ಅವಸರವಿಲ್ಲದೆ ತಿಳಿಯಬಯಸುವವರಿಗಾಗಿ ಈ ಬರಹ.

ಕೊಡಗಿನಲ್ಲಿ ಈ ಕೆಲಸಕ್ಕೆ ಒಂದು ವಿಶೇಷ ತೊಡಕಿದೆ. ಸೈನ್ಯದ ಬಗೆಗಿನ ಹೆಮ್ಮೆ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂದರೆ, ಮೀಸೆ ಬಿಟ್ಟ ಪ್ರತಿಯೊಬ್ಬ ಗಂಡಸೂ ನಮ್ಮ ಕಣ್ಣಿಗೆ ಸೈನಿಕನಾಗಿ, ಕೋವಿ ಕಾಣುವ ಪ್ರತಿಯೊಂದು ಪಟವೂ ಯುದ್ಧದ ಪಟವಾಗಿ ಕಾಣತೊಡಗುತ್ತದೆ. 1939ರಲ್ಲಿ ಸುಮಾರು ಎರಡು ಲಕ್ಷವಿದ್ದ ಭಾರತೀಯ ಸೈನ್ಯ 1945ರ ಹೊತ್ತಿಗೆ ಇಪ್ಪತ್ತೈದು ಲಕ್ಷಕ್ಕೆ ಬೆಳೆದದ್ದು ನಿಜ. ಚೀಫ್ ಕಮಿಷನರ್ ಆಡಳಿತದ ಪುಟ್ಟ ಪ್ರಾಂತ್ಯವಾಗಿದ್ದ ಕೊಡಗಿನಿಂದ ಅನೇಕರು ಹೋದದ್ದೂ ನಿಜ. ಆದರೆ ಆ ಆರು ವರ್ಷಗಳಲ್ಲಿ ಗದ್ದೆ ನಾಟಿಯಾಯಿತು, ಕಾಫಿ ಕುಯ್ಲಾಯಿತು, ಮಕ್ಕಳು ಹುಟ್ಟಿದರು, ಮುದುಕರು ತೀರಿಕೊಂಡರು. ಆ ಬದುಕಿಗೆ ಅದರದೇ ಬೆಲೆಯಿದೆ. ಯುದ್ಧದ ಕತೆಯೊಂದನ್ನು ಹೊದಿಸಿದರೆ ಮಾತ್ರ ಪಟಕ್ಕೆ ಬೆಲೆ ಬರುತ್ತದೆ ಎಂಬ ಭಾವನೆಯನ್ನು ಬಿಟ್ಟು ಕೆಲಸಕ್ಕೆ ಕೂರಬೇಕು ಎಂಬುದೇ ನನ್ನ ಮುಖ್ಯ ಮಾತು.

ಮೊದಲ ಹೆಜ್ಜೆ: ಇದ್ದದ್ದನ್ನು ಇದ್ದಂತೆ ದಾಖಲಿಸುವುದು

ಆಲ್ಬಮ್ ಸಿಕ್ಕಿದ ಕೂಡಲೇ ಪಟಗಳನ್ನು ಕಿತ್ತು ವಿಂಗಡಿಸಲು ಹೋಗಬಾರದು. ಯಾವ ಪಟದ ಪಕ್ಕದಲ್ಲಿ ಯಾವುದಿತ್ತು, ಯಾವ ಲಕೋಟೆಯಲ್ಲಿ ಯಾವ ಕಾಗದದ ಜೊತೆ ಮಡಚಿಟ್ಟಿತ್ತು ಎಂಬುದು ಹೆಸರಿಲ್ಲದ ಪಟದ ವಿಚಾರದಲ್ಲಿ ಎಷ್ಟೋ ಸಲ ಉಳಿದಿರುವ ಏಕೈಕ ಸಾಕ್ಷ್ಯ. ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಪೂರ್ತಿಯಾಗಿ ತೆಗೆದುಕೊಂಡು, ಪುಟಕ್ಕೆ ಒಂದು ಸಂಖ್ಯೆ, ಪಟಕ್ಕೆ ಒಂದು ಸಂಖ್ಯೆ ಕೊಟ್ಟು, ಆಮೇಲಷ್ಟೇ ಬಿಡಿಯಾಗಿ ನೋಡಬೇಕು. ಅಂಟಿಕೊಂಡ ಪಟವನ್ನು ಎಳೆಯಬಾರದು. ಹಿಂಬದಿಯಲ್ಲಿ ಬರಹ ಇರಬಹುದೆಂಬ ಆಸೆಯಿಂದ ಎಳೆದರೆ ಮುಂಬದಿಯೂ ಹೋಗುತ್ತದೆ.

ಈ ಕೆಲಸವನ್ನು ಜನವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ ಇಟ್ಟುಕೊಳ್ಳುವುದು ಉತ್ತಮ. ಜೂನ್ ಹಿಡಿದ ಮಳೆ ಬಿಡುವವರೆಗೆ ಕೊಡಗಿನ ಗಾಳಿಯಲ್ಲಿರುವ ತೇವಕ್ಕೆ ಪಟದ ಮೇಲ್ಪದರ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಿಂದ ಒರೆಸದೆ, ನೆರಳಿನಲ್ಲಿ ಗಾಳಿಯಾಡಲು ಬಿಟ್ಟು, ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ಸವರಬೇಕು. ಹಿಂಬದಿಯಲ್ಲಿ ಬರೆಯಲೇಬೇಕಾದರೆ ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಸಂಖ್ಯೆಯನ್ನಷ್ಟೇ ಬರೆಯಬೇಕು. ಬಾಲ್‌ಪೆನ್ನು, ಸೆಲ್ಲೋಟೇಪು, ಲ್ಯಾಮಿನೇಷನ್ ಈ ಮೂರನ್ನೂ ಪಟದ ಹತ್ತಿರ ತರಬಾರದು.

ಪ್ರತಿ ಮಾಡುವಾಗ ಮುಂಬದಿ ಮತ್ತು ಹಿಂಬದಿ ಎರಡನ್ನೂ, ಅಂಚುಗಳು ಪೂರ್ತಿ ಕಾಣುವಂತೆ, ಸ್ಕ್ಯಾನರ್ ಇದ್ದರೆ 600 ಡಿಪಿಐನಲ್ಲಿ ತೆಗೆಯಬೇಕು. ಪಕ್ಕದಲ್ಲಿ ಒಂದು ಅಡಿಪಟ್ಟಿ ಇಟ್ಟರೆ ಅಳತೆಯೂ ದಾಖಲಾಗುತ್ತದೆ. ಈಚೆಗೆ ಹಳೆಯ ಪಟಗಳಿಗೆ ಬಣ್ಣ ತುಂಬುವ, ಮಸುಕಾದ ಮುಖವನ್ನು ಸ್ಪಷ್ಟಗೊಳಿಸುವ ಆ್ಯಪ್‌ಗಳು ಎಲ್ಲರ ಕೈಯಲ್ಲೂ ಇವೆ. ಮನೆಯವರ ಸಂತೋಷಕ್ಕೆ ಬಳಸಿಕೊಳ್ಳಲಿ. ಆದರೆ ಅದನ್ನು ಓದಿಗೆ ಆಧಾರ ಮಾಡಿಕೊಳ್ಳಬಾರದು. ಆ ಯಂತ್ರ ಮುಖವನ್ನು ಕಂಡುಹಿಡಿಯುವುದಿಲ್ಲ, ತನಗೆ ತೋಚಿದ ಇನ್ನೊಂದು ಮುಖವನ್ನು ಅಲ್ಲಿ ಕೂರಿಸುತ್ತದೆ. ಭುಜದ ಮೇಲಿನ ಬ್ಯಾಡ್ಜಿನ ಆಕಾರವನ್ನೂ ಹಾಗೆಯೇ ಕಟ್ಟಿಕೊಡುತ್ತದೆ.

ಎರಡನೆಯ ಹೆಜ್ಜೆ: ಕೈಯಲ್ಲಿರುವ ವಸ್ತು ಯಾವುದು?

ಪಟದೊಳಗೆ ಏನಿದೆ ಎಂದು ನೋಡುವ ಮೊದಲು ಪಟವೇ ಏನು ಎಂದು ನೋಡಬೇಕು. ಭೂತಗನ್ನಡಿಯಲ್ಲಿ ಸಣ್ಣ ಚುಕ್ಕೆಗಳ ಜಾಲರಿ ಕಂಡರೆ ಅದು ಫೋಟೊ ಅಲ್ಲ, ಪತ್ರಿಕೆಯಿಂದಲೋ ಪ್ರಚಾರ ಪುಸ್ತಿಕೆಯಿಂದಲೋ ಕತ್ತರಿಸಿದ ಮುದ್ರಿತ ಚಿತ್ರ. ‘ಫೌಜಿ ಅಖ್ಬಾರ್’ ತರಹದ ಸೈನ್ಯದ ಪತ್ರಿಕೆಗಳು ಸೈನಿಕರ ಮೂಲಕ ಮನೆಗಳಿಗೂ ಬರುತ್ತಿದ್ದುದರಿಂದ, ಯಾರೋ ಅಪರಿಚಿತನ ಚಿತ್ರ ನಮ್ಮ ಆಲ್ಬಮ್ಮಿನಲ್ಲಿ ಅಂಟಿಕೊಂಡು ಎಂಬತ್ತು ವರ್ಷಗಳ ನಂತರ ನಮ್ಮ ಮುತ್ತಜ್ಜನಾಗಿಬಿಡುವುದು ಅಸಾಧ್ಯವೇನಲ್ಲ.

ನಿಜವಾದ ಫೋಟೊ ಆಗಿದ್ದರೆ ಅಳತೆ ಬಹಳ ಹೇಳುತ್ತದೆ. ಎರಡೂಕಾಲು ಇಂಚು ಅಗಲ, ಮೂರೂಕಾಲು ಇಂಚು ಉದ್ದದ ಸಣ್ಣ ಪಟ ಸಾಮಾನ್ಯವಾಗಿ ರೋಲ್ ಫಿಲ್ಮಿನಿಂದ, ದೊಡ್ಡದು ಮಾಡದೆ, ನೆಗೆಟಿವ್ ಅಳತೆಯಲ್ಲೇ ತೆಗೆದ ಪ್ರತಿ. ಅಂದರೆ ಬಾಕ್ಸ್ ಕ್ಯಾಮೆರಾ ಅಥವಾ ಮಡಚುವ ಕ್ಯಾಮೆರಾ ಇದ್ದ ಮನೆಯವರೋ ನೆಂಟರೋ ತೆಗೆದದ್ದು. ದಪ್ಪ ರಟ್ಟಿಗೆ ಅಂಟಿಸಿ, ಮೂಲೆಯಲ್ಲಿ ಉಬ್ಬು ಮುದ್ರೆ ಒತ್ತಿದ ದೊಡ್ಡ ಪಟ ಸ್ಟುಡಿಯೋದ್ದು. ಇವೆರಡರ ನಡುವಿನ ವ್ಯತ್ಯಾಸ ದೊಡ್ಡದು, ಏಕೆಂದರೆ ಸ್ಟುಡಿಯೋದಲ್ಲಿ ಕುರ್ಚಿ, ಹೂಕುಂಡ, ಪುಸ್ತಕ, ಕೆಲವೊಮ್ಮೆ ಕೋಟು ಕೂಡ ಸ್ಟುಡಿಯೋದವರದೇ ಆಗಿರುತ್ತಿತ್ತು. ಮನೆಯಂಗಳದ ಪಟದಲ್ಲಿ ಕಾಣುವುದು ಬಹುಮಟ್ಟಿಗೆ ಮನೆಯದೇ. ಸ್ಟುಡಿಯೋ ಪಟದ ಹಿನ್ನೆಲೆಯಲ್ಲಿರುವ ಬಣ್ಣದ ಪರದೆಯನ್ನು ಗಮನಿಸಿ ನೆನಪಿಟ್ಟುಕೊಳ್ಳಿ: ಅದೇ ಕಂಬ, ಅದೇ ಮೆಟ್ಟಿಲು, ಅದೇ ತೋಟ ಬರೆದ ಪರದೆ ಇನ್ನೊಂದು ಒಕ್ಕದ (ವಂಶದ) ಪಟದಲ್ಲಿ, ಅದೂ ತಾರೀಖಿನ ಸಮೇತ ಸಿಕ್ಕಿದರೆ, ನಿಮ್ಮ ಪಟಕ್ಕೆ ಊರೂ ಸಿಕ್ಕಿತು, ಕಾಲವೂ ಹತ್ತಿರ ಬಂತು. ನಾಲ್ಕಾರು ಮನೆಗಳವರು ಆಲ್ಬಮ್ ತಂದು ಒಟ್ಟಿಗೆ ಕುಳಿತು ನೋಡಿದರೆ ಒಬ್ಬರೇ ತಿಂಗಳುಗಟ್ಟಲೆ ಹುಡುಕಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಹಿಂಬದಿಯನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಬೇಕು. ಅಳಿಸಿಹೋದ ಪೆನ್ಸಿಲಿನ ಗುರುತು, ಕಾಗದದ ಕಂಪೆನಿಯ ಮುದ್ರೆ, ಸೆನ್ಸಾರಿನ ಠಸ್ಸೆ ಆಗ ಕಾಣಿಸುತ್ತವೆ. ಜೊತೆಯಲ್ಲಿ ಲಕೋಟೆ ಇದ್ದರೆ ಅದನ್ನು ಬಿಸಾಡಬಾರದು: ಯುದ್ಧಕಾಲದ ಸೈನಿಕರ ಕಾಗದಗಳಲ್ಲಿ ಊರಿನ ಹೆಸರಿನ ಬದಲು ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಇರುತ್ತಿತ್ತು, ಮತ್ತು ಯಾವ ಸಂಖ್ಯೆ ಯಾವಾಗ ಎಲ್ಲಿತ್ತು ಎಂಬುದನ್ನು ಅಂಚೆ ಇತಿಹಾಸ ಬಲ್ಲವರಿಂದ ಈಗ ತಿಳಿಯಬಹುದು.

ಇನ್ನೊಂದು ಪರೀಕ್ಷೆಯನ್ನು ಮರೆಯಬಾರದು. ನೆಗೆಟಿವನ್ನು ತಿರುವುಮುರುವಾಗಿಟ್ಟು ತೆಗೆದ ಪ್ರತಿಗಳು ಅಪರೂಪವಲ್ಲ. ಪದಕಗಳನ್ನು ಎಡ ಎದೆಯ ಮೇಲೆ ಧರಿಸುವುದು ಕ್ರಮ. ಅವು ಬಲಕ್ಕೆ ಕಂಡರೆ, ಬೋರ್ಡಿನ ಅಕ್ಷರ, ಅಂಗಿಯ ಗುಂಡಿ, ಕೊಡವ ಸೀರೆಯ ಸೆರಗು ಬಂದು ನಿಲ್ಲುವ ಬಲಭುಜ ಇವುಗಳೊಂದಿಗೆ ತಾಳೆ ನೋಡಿ. ಅವೆಲ್ಲ ಸರಿಯಾಗಿದ್ದು ಪದಕ ಮಾತ್ರ ಬಲಕ್ಕಿದ್ದರೆ, ಧರಿಸಿದವರು ತೀರಿಹೋದ ಬಂಧುವಿನ ಪದಕಗಳನ್ನು ಧರಿಸಿರಬಹುದು.

ಮೂರನೆಯ ಹೆಜ್ಜೆ: ಕಂಡದ್ದನ್ನು ಬರೆಯುವುದು, ನಂಬಿದ್ದನ್ನಲ್ಲ

ಇದು ಇಡೀ ಕೆಲಸದ ತಿರುಳು. ಒಂದು ಹಾಳೆ ತೆಗೆದುಕೊಂಡು, ‘ತಂದೆ’, ‘ಸೈನಿಕ’, ‘ದುಃಖ’, ‘ಹಬ್ಬ’, ‘ಆಳು’ ಮುಂತಾದ ತೀರ್ಮಾನದ ಮಾತುಗಳನ್ನು ಬಳಸದೆ, ಪಟದ ಎಡ ಅಂಚಿನಿಂದ ಬಲ ಅಂಚಿನವರೆಗೆ ಕಾಣುವುದನ್ನೆಲ್ಲ ಬರೆಯಬೇಕು. ಉದಾಹರಣೆಗೆ ಒಂದು ಪಟವನ್ನು ಮುಂದಿಟ್ಟುಕೊಳ್ಳೋಣ.

ಸಣ್ಣ ಅಳತೆಯ ಪಟ. ಐನ್‌ಮನೆಯ ಕೈಯಾಲೆ, ಕಂಬಗಳ ನಡುವೆ ಕೂರುವ ಐಮರದ ಹಲಗೆ. ಮುಂದೆ ಕುರ್ಚಿಯಲ್ಲಿ ವಯಸ್ಸಾದ ಹೆಂಗಸು, ತಲೆಗೆ ವಸ್ತ್ರ ಕಟ್ಟಿದ್ದಾರೆ. ಹಿಂದೆ ಇಬ್ಬರು ತರುಣಿಯರು ನಿಂತಿದ್ದಾರೆ. ಅವರ ಪಕ್ಕದಲ್ಲಿ ಹತ್ತು ಹನ್ನೆರಡರ ಹುಡುಗ, ಮೈಮೇಲೆ ಕುಪ್ಯ (ಕೊಡವ ಗಂಡಸರ ನಿಲುವಂಗಿ), ಸೊಂಟಕ್ಕೆ ಕಪ್ಪಾಗಿ ಕಾಣುವ ಚೇಲೆ (ನಡುಪಟ್ಟಿ), ಕೈಯಲ್ಲಿ ತನಗಿಂತ ಎತ್ತರದ ಕೋವಿ. ಹುಡುಗನ ಬಲಕ್ಕೆ ಒಂದು ಕುರ್ಚಿ ಖಾಲಿ ಇದೆ. ಎಡ ಅಂಚಿನಲ್ಲಿ ಕಂಬದ ಮರೆಯಲ್ಲಿ ಬರಿಮೈಯ ಗಂಡಸೊಬ್ಬ ಅರ್ಧ ಮಾತ್ರ ಕಾಣುತ್ತಾನೆ. ಅವನ ಕೈಯಲ್ಲಿ ನಾಯಿಯ ಹಗ್ಗ. ಅಂಗಳದ ನೆಲ ಒದ್ದೆಯಾಗಿದೆ.

ಈ ಪಟ ನೋಡಿದವರಲ್ಲಿ ಹೆಚ್ಚಿನವರ ಮನಸ್ಸಿಗೆ ಒಂದು ಕತೆ ತಾನಾಗಿ ಬರುತ್ತದೆ: ತಂದೆ ಯುದ್ಧಕ್ಕೆ ಹೋಗಿದ್ದಾನೆ, ಅವನ ಕುರ್ಚಿ ಖಾಲಿ ಇಟ್ಟಿದ್ದಾರೆ, ಮಗ ತಂದೆಯ ಕೋವಿ ಹಿಡಿದು ನಿಂತಿದ್ದಾನೆ, ಕಪ್ಪು ಚೇಲೆ ಸಾವಿನ ಸೂಚನೆ. ಈಗ ಭೂತಗನ್ನಡಿ ಹಿಡಿಯೋಣ. ಖಾಲಿ ಕುರ್ಚಿಯ ಮೇಲೆ ಚರ್ಮದ ಒಂದು ಸಣ್ಣ ಚೀಲವಿದೆ, ಅದರ ಪಟ್ಟಿ ಕುರ್ಚಿಯ ಅಂಚಿನಿಂದ ಇಳಿಬಿದ್ದಿದೆ: ಅದು ಕ್ಯಾಮೆರಾದ ಚೀಲ. ಆ ಕುರ್ಚಿಯಿಂದ ಎದ್ದುಹೋದವರು ಪಟ ತೆಗೆಯುತ್ತಿರುವವರೇ ಆಗಿರುವ ಸಾಧ್ಯತೆ ಹೆಚ್ಚು. ಕೋವಿಯ ನಳಿಗೆಯ ತುದಿಯಲ್ಲಿ ಬಾಗಿದ ಉದ್ದ ಎಸಳುಗಳ ಹೂವೊಂದಿದೆ. ಅದು ತೋಕ್‌ಪೂ, ಅಂದರೆ ಕೈಲ್‌ಪೊಳ್ದಿನಂದು ಆಯುಧಗಳಿಗೆ ಮುಡಿಸುವ ಹೂ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಬರುವ ಹಬ್ಬವಾದ್ದರಿಂದ ಅಂಗಳದ ಒದ್ದೆಗೂ ಹುಡುಗನ ಉಡುಪಿಗೂ ಕೋವಿಗೂ ಒಟ್ಟಿಗೆ ವಿವರಣೆ ಸಿಕ್ಕಿತು. ಇನ್ನು ಚೇಲೆಯ ಬಣ್ಣ: ಆ ಕಾಲದಲ್ಲಿ ಮನೆಬಳಕೆಯ ಅನೇಕ ಫಿಲ್ಮುಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಕೆಂಪು ರೇಷ್ಮೆಯ ಚೇಲೆ ಅವುಗಳಲ್ಲಿ ಕಪ್ಪಾಗಿಯೇ ಮೂಡುತ್ತದೆ, ನೀಲಿ ಬಟ್ಟೆ ಬೆಳ್ಳಗಾಗುತ್ತದೆ, ಆಕಾಶ ಬರಿ ಬಿಳಿ ಹಾಳೆಯಾಗುತ್ತದೆ. ಆದ್ದರಿಂದ ಕಪ್ಪುಬಿಳುಪಿನ ಪಟದಲ್ಲಿ ಬಟ್ಟೆಯ ಬಣ್ಣ ನೋಡಿ ಸೂತಕವನ್ನೋ ಸಂಭ್ರಮವನ್ನೋ ನಿರ್ಧರಿಸಲು ಹೋಗಬಾರದು.

ಹಾಗಾದರೆ ಈ ಪಟದಲ್ಲಿ ಯುದ್ಧ ಎಲ್ಲಿದೆ? ಪಟದೊಳಗೆ ಎಲ್ಲಿಯೂ ಇಲ್ಲ. ಆಲ್ಬಮ್ಮಿನ ಮುಂದಿನ ಪುಟದಲ್ಲಿ ಅದೇ ಕಾಗದ, ಅದೇ ಅಲೆಯಂಚಿನ ಇನ್ನೊಂದು ಪಟದಲ್ಲಿ ಸಮವಸ್ತ್ರದವರ ಗುಂಪೊಂದು ಇದ್ದರೆ, ಎರಡೂ ಹತ್ತಿರದ ಕಾಲದವು ಎನ್ನಲು ಅಷ್ಟರ ಮಟ್ಟಿನ ಆಧಾರವಿದೆ, ಅದಕ್ಕಿಂತ ಹೆಚ್ಚಿಲ್ಲ. ಕತೆ ಕಳೆದುಕೊಂಡೆವೆಂದು ಬೇಸರಪಡಬೇಕಾಗಿಲ್ಲ. ಬಂದೂಕಿನ ಬಾಯಿಗೆ ಹೂವಿಟ್ಟು ಅಜ್ಜಿಯ ಪಕ್ಕದಲ್ಲಿ ನೆಟ್ಟಗೆ ನಿಂತ ಹುಡುಗ ನಮ್ಮ ಕಣ್ಣೆದುರು ಬಂದಿದ್ದಾನೆ, ಮತ್ತು ಅವನು ನಿಜ.

ನಾಲ್ಕನೆಯ ಹೆಜ್ಜೆ: ಕೋವಿ ಮತ್ತು ಸಮವಸ್ತ್ರ

ದೇಶದ ಬೇರೆಡೆಗಳಲ್ಲಿ ಮನೆಯ ಪಟದಲ್ಲಿ ಬಂದೂಕು ಕಂಡರೆ ಅದೊಂದು ವಿಶೇಷ ಸುಳಿವು. ಕೊಡಗಿನಲ್ಲಿ ಹಾಗಲ್ಲ. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಹಕ್ಕಿನ ಜಮೀನು) ಹಿಡುವಳಿದಾರರಿಗೆ ಆಯುಧ ಪರವಾನಗಿಯಿಂದ ವಿನಾಯಿತಿ ಇರುವುದರಿಂದ, ಹಬ್ಬಕ್ಕೂ ಬೇಟೆಗೂ ಜನನ ಮರಣಗಳಿಗೂ ಕೋವಿ ಹೊರಬರುತ್ತದೆ. ಪಟದಲ್ಲಿರುವುದು ಎರಡು ನಳಿಗೆಯ ತೋಟಾಕೋವಿಯೋ ಸೈನ್ಯದ ರೈಫಲ್ಲೋ ಎಂದು ಬಲ್ಲವರಿಗೆ ತೋರಿಸಿ ಕೇಳಬೇಕು. ಮೊದಲನೆಯದಾದರೆ ಅದು ಯುದ್ಧದ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಿಳಿ ಕುಪ್ಯದ ಬಗೆಗೂ ಎಚ್ಚರ ಬೇಕು. ಮದುಮಗ ಬಿಳಿ ಕುಪ್ಯ ತೊಡುತ್ತಾನೆ, ತೀರಿಕೊಂಡ ಗಂಡಸಿಗೂ ಬಿಳಿ ಕುಪ್ಯ ತೊಡಿಸುತ್ತಾರೆ. ಶವದೊಂದಿಗೆ ಮನೆಯವರೆಲ್ಲ ಸೇರಿ ಕೊನೆಯ ಪಟ ತೆಗೆಸಿಕೊಳ್ಳುವ ವಾಡಿಕೆ ನಮ್ಮ ಕಡೆ ಇದ್ದುದರಿಂದ, ಕಣ್ಣು, ಕೈಗಳ ಇರುವು, ಸುತ್ತಲಿನವರ ನೋಟ ಇವನ್ನು ನೋಡದೆ ‘ಮದುವೆಯ ಪಟ’ ಎಂದು ಬರೆದುಬಿಡಬಾರದು.

ಸಮವಸ್ತ್ರವೇ ಇದ್ದರೆ ಯಾವ ಯುದ್ಧದ್ದು ಎಂಬುದು ಮೊದಲ ಪ್ರಶ್ನೆ. ಮೊಣಕಾಲಿನವರೆಗೆ ಪಟ್ಟಿ ಸುತ್ತಿದ್ದರೆ 1914ರಿಂದ 1918ರ ಮೊದಲ ಮಹಾಯುದ್ಧದ ಕಡೆಗೆ ಯೋಚಿಸಬೇಕು. ಖಾಕಿ ಚಡ್ಡಿ, ಉದ್ದ ಕಾಲುಚೀಲ, ಕಣಕಾಲಿಗಷ್ಟೇ ಸುತ್ತಿದ ಗಿಡ್ಡ ಪಟ್ಟಿ ಇದ್ದರೆ ಎರಡನೆಯದರ ಕಡೆಗೆ. ತೋಳಿನ ಮೇಲೆ ಒಂದು ಪಟ್ಟಿ ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಿಲ್ದಾರ್. ಭುಜದ ನಕ್ಷತ್ರಗಳು ಅಷ್ಟು ಸುಲಭವಲ್ಲ: ಒಂದು ನಕ್ಷತ್ರ ಜಮಾದಾರನದೂ ಹೌದು, ಸೆಕೆಂಡ್ ಲೆಫ್ಟಿನೆಂಟನದೂ ಹೌದು, ಕಿರೀಟ ಸುಬೇದಾರ್ ಮೇಜರನದೂ ಹೌದು, ಮೇಜರನದೂ ಹೌದು. ಮನೆಯ ಹಿರಿಯರನ್ನು ಒಂದೇ ಏಟಿಗೆ ಮೇಜರ್ ಮಾಡುವ ಮೊದಲು ಡಿಸ್ಚಾರ್ಜ್ ಪತ್ರ, ಪಿಂಚಣಿ ಪುಸ್ತಕ ಏನಾದರೂ ಇದೆಯೇ ಎಂದು ಹುಡುಕಬೇಕು. ತೋಳಿನ ಮೇಲ್ಭಾಗದಲ್ಲಿ ಡಿವಿಷನ್ನಿನ ಗುರುತು ಕಂಡರೆ ಅದೃಷ್ಟ: ನಾಲ್ಕನೆಯ ಭಾರತೀಯ ಡಿವಿಷನ್ನಿಗೆ ಕೆಂಪು ಹದ್ದು, ಹದಿನೇಳನೆಯದಕ್ಕೆ ಕಪ್ಪು ಬೆಕ್ಕು, ಹತ್ತೊಂಬತ್ತನೆಯದಕ್ಕೆ ಕಠಾರಿ. ಇಲ್ಲಿಯೂ ಬಣ್ಣ ನಂಬದೆ ಆಕಾರವನ್ನೇ ನೋಡಬೇಕು.

ಒಂದೇ ಮನೆಯಲ್ಲಿ ಖಾಕಿಯೂ ಖಾದಿಯೂ ಇದ್ದ ಕಾಲ ಅದು. 1942ರ ಆಗಸ್ಟಿನ ಚಳವಳಿಗೆ ಸೇರಿದವರ ಪಟ, 1942ರ ಫೆಬ್ರವರಿಯಲ್ಲಿ ಸಿಂಗಾಪುರ ಬಿದ್ದ ಮೇಲೆ ಸೆರೆ ಸಿಕ್ಕಿ ಆಮೇಲೆ ಐಎನ್‌ಎ (ಆಜಾದ್ ಹಿಂದ್ ಫೌಜ್) ಸೇರಿದವರ ಪಟ, ಇವನ್ನು ಮನೆಯವರು ಅಂದು ಭಯದಿಂದ ಬೇರೆ ಕಡೆ ಇಟ್ಟಿರಬಹುದು ಅಥವಾ ಹಿಂದಿನ ಬರಹವನ್ನು ಅಳಿಸಿರಬಹುದು. ಜನರಲ್ ತಿಮ್ಮಯ್ಯನವರು ಬರ್ಮಾದಲ್ಲಿ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಹೋರಾಡುತ್ತಿದ್ದಾಗ ಅವರ ಸಹೋದರರೊಬ್ಬರು ಐಎನ್‌ಎಯಲ್ಲಿದ್ದರು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದ್ದರಿಂದ ಹೆಸರಿಲ್ಲದಿರುವುದು ಯಾವಾಗಲೂ ಮರೆವಿನ ಫಲವೆಂದು ಭಾವಿಸಬೇಕಾಗಿಲ್ಲ.

ಐದನೆಯ ಹೆಜ್ಜೆ: ಕಾಲವನ್ನು ಎರಡು ಕಡೆಯಿಂದ ಕಟ್ಟುವುದು

ಒಂದೇ ವರ್ಷವನ್ನು ಹಿಡಿಯಲು ಹೋಗದೆ, ‘ಇದಕ್ಕಿಂತ ಮೊದಲಿನದಲ್ಲ’, ‘ಇದಕ್ಕಿಂತ ಈಚಿನದಲ್ಲ’ ಎಂಬ ಎರಡು ಗಡಿಗಳನ್ನು ಗೊತ್ತುಮಾಡಬೇಕು. ಗೋಡೆಯ ಮೇಲೆ ಆರನೆಯ ಜಾರ್ಜ್ ದೊರೆಯ ಪಟವಿದ್ದರೆ, ಅವನು ಪಟ್ಟಕ್ಕೆ ಬಂದದ್ದು 1936ರ ಡಿಸೆಂಬರಿನಲ್ಲಾದ್ದರಿಂದ, ಫೋಟೊ ಅದಕ್ಕಿಂತ ಮೊದಲಿನದಾಗಿರುವ ಸಂಭವ ಕಡಿಮೆ. ಎದೆಯ ಮೇಲೆ ಬರ್ಮಾ ಸ್ಟಾರ್ ಇದ್ದರೆ, ಆ ಪದಕ ಜಾರಿಗೆ ಬಂದದ್ದೇ 1945ರ ಮೇ ತಿಂಗಳಲ್ಲಿ. ಭುಜದ ಮೇಲೆ ಕಿರೀಟದ ಬದಲು ಅಶೋಕನ ಸಿಂಹಗಳಿದ್ದರೆ 1950ರ ಜನವರಿ 26ರ ನಂತರದ್ದು. ಮನೆಯಲ್ಲಿ ‘ಯುದ್ಧದ ಸಮಯದ್ದು’ ಎಂದು ಹೇಳುತ್ತ ಬಂದಿದ್ದರೂ ಅದು 1962ರದೋ 1965ರದೋ ಇರಬಹುದು. ಪ್ರತಿಯ ವಯಸ್ಸು ಬೇರೆ, ನೆಗೆಟಿವಿನ ವಯಸ್ಸು ಬೇರೆ ಎಂಬುದೂ ನೆನಪಿರಲಿ. ಹೊಸ ಕಾಗದದಲ್ಲಿ ಹಳೆಯ ಪಟ ಇರಬಹುದು.

ಯುದ್ಧಕಾಲದ ದಿನನಿತ್ಯದ ಗುರುತುಗಳಲ್ಲಿ ನನಗೆ ಅತ್ಯಂತ ನಂಬಿಕೆಯದು ಬಸ್ಸು. ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಹಿಂದೆ ಉದ್ದನೆಯ ಉರುಳೆಯಾಕಾರದ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರಿಂದ ಬರುವ ಅನಿಲದಲ್ಲಿ ಎಂಜಿನ್ ಓಡಿಸುತ್ತಿದ್ದರು. ರೈಲಿಲ್ಲದ ಕೊಡಗಿಗೆ ಮೈಸೂರಿನಿಂದಾಗಲಿ ಕರಾವಳಿಯಿಂದಾಗಲಿ ಬರಲು ಬಸ್ಸೇ ದಾರಿಯಾಗಿದ್ದುದರಿಂದ, ರಜೆಗೆ ಬಂದವರ, ಹೊರಟವರ, ಮದುವೆ ದಿಬ್ಬಣದವರ ಪಟಗಳಲ್ಲಿ ಬಸ್ಸು ಮತ್ತೆ ಮತ್ತೆ ಕಾಣುತ್ತದೆ. ಬಸ್ಸಿನ ಹಿಂಬದಿಯಲ್ಲಿ ಆ ಉರುಳೆ ಕಂಡರೆ 1940ರ ದಶಕ ಎಂದು ಧೈರ್ಯವಾಗಿ ಬರೆಯಬಹುದು. ಆದರೆ 1945ಕ್ಕೇ ಗೆರೆ ಎಳೆಯಬಾರದು, ಏಕೆಂದರೆ ಯುದ್ಧ ಮುಗಿದ ಕೂಡಲೇ ಇದ್ದಿಲು ಬಸ್ಸುಗಳು ಮಾಯವಾಗಲಿಲ್ಲ.

ಇಸವಿ ಸಿಗದಿದ್ದರೂ ತಿಂಗಳು ಸಿಗುತ್ತದೆ, ಮತ್ತು ಕೃಷಿಯ ನಾಡಿನಲ್ಲಿ ಅದು ಚಿಕ್ಕ ವಿಷಯವಲ್ಲ. ಗೊರಬೆ (ಮಳೆಗೆ ಹೊದೆಯುವ ಎಲೆಯ ಹೊದಿಕೆ) ಹೊದ್ದು ಗದ್ದೆಯಲ್ಲಿ ಬಗ್ಗಿದ ಹೆಂಗಸರಿದ್ದರೆ ಜುಲೈ, ಆಗಸ್ಟ್. ಹೂಮಳೆಯ ನಂತರ ಕಾಫಿ ಗಿಡಗಳು ಬೆಳ್ಳಗೆ ತುಂಬಿದ್ದರೆ ಫೆಬ್ರವರಿಯಿಂದ ಏಪ್ರಿಲ್. ಕಣದಲ್ಲಿ ಹಣ್ಣು ಹರಡಿದ್ದರೆ ಡಿಸೆಂಬರಿನಿಂದ ಮಾರ್ಚ್. ಕಣದ ಪಟದ ವಿಚಾರದಲ್ಲಿ ಇನ್ನೊಂದು ಮಾತು: ಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಕಾಫಿ ಬೆಳೆಗಾರರು ಕಂಗಾಲಾದಾಗ 1940ರಲ್ಲಿ ಕಾಫಿ ಮಂಡಳಿಯ ಏರ್ಪಾಡು ಬಂತು, 1942ರಲ್ಲಿ ಅದು ಕಾಯ್ದೆಯಾಯಿತು. ಕಣದ ಪಟದಲ್ಲಿ ಮೂಟೆ, ತಕ್ಕಡಿ, ಬರೆದುಕೊಳ್ಳುತ್ತಿರುವ ರೈಟರು ಕಂಡರೆ ಆ ಬದಲಾವಣೆಯ ಹಿನ್ನೆಲೆ ಓದುಗನಿಗೆ ತಿಳಿದಿರಬೇಕು. ಆದರೆ ‘ಬೆಲೆ ಬಿದ್ದುದರಿಂದ ಇವರ ಮುಖ ಬಾಡಿದೆ’ ಎಂದು ಬರೆಯಲು ಪಟ ಅನುಮತಿ ಕೊಡುವುದಿಲ್ಲ. ಬಿಸಿಲಿಗೆ ಮುಖ ಮಾಡಿ ನಿಂತವರು ಹುಬ್ಬು ಗಂಟಿಕ್ಕುತ್ತಾರೆ, ಅಷ್ಟೆ.

ಆರನೆಯ ಹೆಜ್ಜೆ: ಅಂಚಿನಲ್ಲಿ ನಿಂತವರು

ಕಂಬದ ಮರೆಯಲ್ಲಿ ಅರ್ಧ ಕಂಡ ಆ ಗಂಡಸಿನ ಬಳಿಗೆ ಬರೋಣ. ಇಂಥ ಪಟಗಳಲ್ಲಿ ಎರಡು ಬಗೆಯ ಅನಾಮಿಕರಿದ್ದಾರೆ. ಮಧ್ಯದಲ್ಲಿ ಕುಳಿತವರ ಹೆಸರನ್ನು ಅಂದು ಎಲ್ಲರೂ ಬಲ್ಲರು, ಕಾಲ ಕಳೆದಂತೆ ಮರೆತರು. ಅಂಚಿನಲ್ಲಿ ನಿಂತ ಯರವ, ಕುರುಬ ಕೆಲಸಗಾರರ, ಅಡುಗೆಯವರ, ಆಯಾಗಳ, ಮೈಸೂರು ಸೀಮೆಯಿಂದಲೋ ಮಲಬಾರಿನಿಂದಲೋ ಬಂದ ತೋಟದ ಆಳುಗಳ ಹೆಸರನ್ನು ಬರೆಯಬೇಕೆಂದು ಅಂದೇ ಯಾರಿಗೂ ಅನ್ನಿಸಿರಲಿಲ್ಲ. ಯುದ್ಧಕ್ಕೆ ಮನೆಯ ಗಂಡಸರು ಹೋದಾಗ ಗದ್ದೆ ತೋಟಗಳ ದುಡಿಮೆಯ ಭಾರ ಹೊತ್ತವರಲ್ಲಿ ಇವರೂ ಇದ್ದರು. ಪಟವನ್ನು ಹಂಚುವಾಗ ಅಂಚನ್ನು ಕತ್ತರಿಸಿ ‘ಚಂದ’ ಮಾಡುವ ಅಭ್ಯಾಸ ಇವರನ್ನು ಎರಡನೆಯ ಸಲ ಅಳಿಸುತ್ತದೆ. ದಯವಿಟ್ಟು ಕತ್ತರಿಸಬೇಡಿ.

ಇವರ ಹೆಸರು ಹುಡುಕಲು ದಾರಿಯೇ ಇಲ್ಲವೆಂದೇನೂ ಇಲ್ಲ. ತೋಟದ ಹಳೆಯ ಚೆಕ್‌ರೋಲ್ ಪುಸ್ತಕಗಳು ಉಳಿದಿದ್ದರೆ ಅದರಲ್ಲಿ ದಿನವಾರು ಹಾಜರಿಯೊಂದಿಗೆ ಹೆಸರುಗಳಿರುತ್ತವೆ. ಪಟ ತೆಗೆದ ತೋಟ ಮತ್ತು ಸುಮಾರು ಕಾಲ ಗೊತ್ತಾಗಿದ್ದರೆ, ‘ಇವರಲ್ಲಿ ಒಬ್ಬರು’ ಎನ್ನುವಷ್ಟು ಹತ್ತಿರಕ್ಕಾದರೂ ಹೋಗಬಹುದು. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ, ಬುಡಕಟ್ಟಿನವರ ಹಾಡಿಗಳಲ್ಲಿ ಇರುವ ಅವರ ಮೊಮ್ಮಕ್ಕಳಿಗೆ ಪಟ ತೋರಿಸಿ ಕೇಳಬೇಕು, ಮತ್ತು ಕೇಳಲು ಹೋಗುವಾಗ ಅವರಿಗೆ ಕೊಡಲು ಒಂದು ಒಳ್ಳೆಯ ಪ್ರತಿಯನ್ನೂ ಒಯ್ಯಬೇಕು. ಅವರ ಹಿರಿಯರ ಬೇರೆ ಪಟ ಅವರಲ್ಲಿ ಇಲ್ಲದಿರಬಹುದು.

ಏಳನೆಯ ಹೆಜ್ಜೆ: ಹಿರಿಯರನ್ನು ಕೇಳುವುದು

‘ಅಜ್ಜಿ, ಇದು ನಿಮ್ಮ ಅಪ್ಪ ಅಲ್ಲವೇ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಸಿಗುವುದು ಬಹುತೇಕ ಖಚಿತ, ಮತ್ತು ಆ ಉತ್ತರಕ್ಕೆ ಬೆಲೆಯಿಲ್ಲ. ನಿಮ್ಮ ಊಹೆಯನ್ನು ಬಾಯಿಬಿಡದೆ, ಪಟವನ್ನು ಇನ್ನೂ ನಾಲ್ಕೈದು ಪಟಗಳ ಜೊತೆ ಮುಂದಿಟ್ಟು, ಅವರೇ ಮಾತಾಡುವವರೆಗೆ ಕಾಯಬೇಕು. ಇಸವಿ ಕೇಳುವುದಕ್ಕಿಂತ, ‘ಆಗ ತಂಗಿ ಹುಟ್ಟಿದ್ದಳೇ, ಆ ವರ್ಷ ಗದ್ದೆ ಉತ್ತವರು ಯಾರು, ಮನೆಗೆ ಹೆಂಚು ಹಾಕಿಸಿದ್ದು ಇದಕ್ಕೆ ಮೊದಲೋ ಆಮೇಲೋ’ ಎಂದು ಕೇಳಿದರೆ ನೆನಪು ಹಿಡಿಕೆ ಸಿಕ್ಕಿದಂತೆ ಏಳುತ್ತದೆ. ಅವರು ಕೊಡವ ತಕ್ಕಿನಲ್ಲಿಯೋ ಅರೆಭಾಷೆಯಲ್ಲಿಯೋ ಹೇಳಿದ್ದನ್ನು ಅದೇ ನುಡಿಯಲ್ಲಿ ಬರೆದುಕೊಳ್ಳಿ ಅಥವಾ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ. ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ ಇಬ್ಬರೂ ಒಂದೇ ಹೆಸರು ಹೇಳಿದರೆ ಮಾತ್ರ ಅದನ್ನು ಗಟ್ಟಿ ಸುಳಿವೆಂದು ತಿಳಿಯಬೇಕು. ಹೆಸರು ಸಿಕ್ಕಿದರೂ ತಲೆಮಾರನ್ನು ತಾಳೆ ನೋಡಲೇಬೇಕು, ಏಕೆಂದರೆ ಅಜ್ಜನ ಹೆಸರು ಮೊಮ್ಮಗನಿಗೆ ಬರುವ ನಮ್ಮ ರೂಢಿಯಲ್ಲಿ ಒಂದೇ ಒಕ್ಕದಲ್ಲಿ ಒಂದೇ ಹೆಸರಿನವರು ಹಲವರಿರುತ್ತಾರೆ.

ಸೈನ್ಯದಲ್ಲಿದ್ದು ಮಡಿದವರ ಹೆಸರು ಸಿಕ್ಕಿದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅಂತರ್ಜಾಲ ದಾಖಲೆಯಲ್ಲಿ ಪಡೆ ಮತ್ತು ಮಡಿದ ದಿನಾಂಕವನ್ನು ಹುಡುಕಬಹುದು. ಬದುಕಿ ಬಂದವರ ವಿಷಯಕ್ಕೆ ಅವರ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬೇಕು. ಸಮವಸ್ತ್ರ, ಪದಕ, ಆಯುಧಗಳನ್ನು ಕಣ್ಣಾರೆ ಹೋಲಿಸಿ ನೋಡಲು, 2021ರಲ್ಲಿ ಉದ್ಘಾಟನೆಯಾದ, ಮಡಿಕೇರಿಯ ‘ಸನ್ನಿ ಸೈಡ್’ನಲ್ಲಿರುವ ಜನರಲ್ ತಿಮ್ಮಯ್ಯ ಸ್ಮಾರಕ ವಸ್ತುಸಂಗ್ರಹಾಲಯ ನಮಗೆ ಹತ್ತಿರದ ಜಾಗ.

ಎಂಟನೆಯ ಹೆಜ್ಜೆ: ಒಕ್ಕಣೆ ಬರೆಯುವುದು

ಒಕ್ಕಣೆಯಲ್ಲಿ ಮೂರು ಪದರಗಳನ್ನು ಬೇರೆ ಬೇರೆಯಾಗಿ ಇಡಬೇಕು: ಕಾಣುವುದು, ಆಧಾರದಿಂದ ಊಹಿಸಿದ್ದು, ಯಾರೋ ಹೇಳಿದ್ದು. ಮೇಲಿನ ಪಟಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ: ‘ಐನ್‌ಮನೆಯ ಕೈಯಾಲೆಯಲ್ಲಿ ಮೂವರು ಹೆಂಗಸರು, ಹೂ ಮುಡಿಸಿದ ಕೋವಿ ಹಿಡಿದ ಹುಡುಗ, ಎಡ ಅಂಚಿನಲ್ಲಿ ನಾಯಿಯ ಹಗ್ಗ ಹಿಡಿದ ಗಂಡಸು ಭಾಗಶಃ ಕಾಣುತ್ತಾರೆ. ಕೋವಿಯ ಹೂವಿನ ಆಧಾರದಿಂದ ಕೈಲ್‌ಪೊಳ್ದು ಸಮಯ, ಸೆಪ್ಟೆಂಬರ್. ಆಲ್ಬಮ್ಮಿನ ಮುಂದಿನ ಪುಟದ ಪಟದೊಂದಿಗೆ ಕಾಗದ ಮತ್ತು ಅಂಚು ಹೊಂದುವುದರಿಂದ ಬಹುಶಃ 1940ರ ದಶಕ. ಯಾರ ಹೆಸರೂ ತಿಳಿದಿಲ್ಲ. ತೆಗೆದವರು ಬಹುಶಃ ಮನೆಯವರು ಅಥವಾ ನೆಂಟರು.’ ಕೊನೆಗೆ ಬರೆದವರ ಹೆಸರು, ಬರೆದ ದಿನಾಂಕ.

ವಾಟ್ಸ್ಆ್ಯಪ್ ಗುಂಪಿನಲ್ಲೋ ಪತ್ರಿಕೆಯಲ್ಲೋ ಹಂಚುವಾಗ ಇದೇ ಒಕ್ಕಣೆ ಪಟದೊಂದಿಗೆ ಹೋಗಬೇಕು. ಪಟ ಒಂಟಿಯಾಗಿ ಹೋದರೆ ಸಂಜೆಯೊಳಗೆ ಅದಕ್ಕೆ ಯಾರದೋ ಹೆಸರು, ಯಾವುದೋ ಶೌರ್ಯದ ಕತೆ ಅಂಟಿಕೊಂಡು ತಿರುಗಿ ಬರುತ್ತದೆ. ಶವದ ಪಟಗಳನ್ನು ಮತ್ತು ಮೈಮೇಲೆ ಸರಿಯಾದ ಬಟ್ಟೆಯಿಲ್ಲದ ಸ್ಥಿತಿಯಲ್ಲಿ, ಅವರ ಇಷ್ಟ ಕೇಳದೆ, ಕೆಲಸಗಾರರನ್ನು ನಿಲ್ಲಿಸಿ ತೆಗೆದ ಪಟಗಳನ್ನು ಹಂಚದಿರುವುದೇ ಸರಿ.

ಪಟದಲ್ಲಿರುವವರು ನಮ್ಮವರೆಂದು ಇನ್ನೊಂದು ಮನೆಯವರು ಹೇಳಿಕೊಂಡು ಬಂದರೆ ವಾದಕ್ಕೆ ಇಳಿಯದೆ, ಅವರ ಆಧಾರವೇನೆಂದು ಕೇಳಿ, ಹೇಳಿದವರ ಹೆಸರು ಮತ್ತು ದಿನಾಂಕದೊಂದಿಗೆ ಒಕ್ಕಣೆಯ ಕೆಳಗೆ ಸೇರಿಸಬೇಕು. ಮೊದಲಿನ ಓದನ್ನು ಅಳಿಸಬಾರದು. ಎರಡು ಓದುಗಳು ಒಂದರ ಕೆಳಗೊಂದು ಇರಲಿ, ಮೂರನೆಯದಕ್ಕೆ ಅದೇ ಹಾಳೆಯಲ್ಲಿ ಒಂದಿಷ್ಟು ಜಾಗವೂ ಉಳಿದಿರಲಿ.